ಬೆನ್ನಿಗೆ ಬೆನ್ನು ಬಡಿದ ಶನಿವಾರ

ನೀವು ಕೇಳಿದ್ದು: "ಹೆಸರೂ ಗೊತ್ತಿಲ್ಲದೆ ಮರೆಯಲಾಗದೆ ಉಳಿದವರು ಯಾರಾದರೂ ಇದ್ದಾರಾ? ಎಲ್ಲಿ ಸಿಕ್ಕಿದರು, ಹೇಗೆ ಸಿಕ್ಕಿದರು?"

ಇದ್ದಾರೆ. ಒಬ್ಬರಲ್ಲ, ಗಂಡ ಹೆಂಡತಿ ಇಬ್ಬರು. ಮೊದಲು ಸಿಕ್ಕಿದ್ದು ಆಕೆಯ ಬೆನ್ನು. ಅದು ನನ್ನ ಬೆನ್ನಿಗೆ ಬಂದು ಬಡಿಯಿತು.

ಸ್ವಲ್ಪ ಹಿನ್ನೆಲೆ ಹೇಳಬೇಕು. ನಾನಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಬಿಡುವಿದ್ದಾಗ ಒಂದೇ ಚಕ್ರದ ಸೈಕಲ್, ಅಂದರೆ ಯೂನಿಸೈಕಲ್ ಓಡಿಸುತ್ತೇನೆ. ಸರ್ಕಸ್ಸಿನವನಲ್ಲ, ಚೆಂಡು ಚಾಕು ಎಸೆದು ಹಿಡಿಯಲು ಬರುವುದಿಲ್ಲ, ಸುಮ್ಮನೆ ಓಡಿಸುತ್ತೇನೆ ಅಷ್ಟೇ. ರಸ್ತೆಗಿಳಿದರೆ ಸಾಕು, ಕನಿಷ್ಠ ನಾಲ್ಕು ಜನ "ಇನ್ನೊಂದು ಚಕ್ರ ಎಲ್ಲಿ ಹೋಯ್ತು?" ಅಂತ ಕೇಳುತ್ತಾರೆ. ಕೇಳುವ ಪ್ರತಿಯೊಬ್ಬರಿಗೂ ಈ ಜೋಕು ಜಗತ್ತಿನಲ್ಲಿ ತಮಗೇ ಮೊದಲು ಹೊಳೆದದ್ದು ಅನ್ನುವ ಖುಷಿ. "ಅರ್ಧ ಕಂತು ಕಟ್ಟಿದ್ದೀನಿ, ಅದಕ್ಕೆ ಅರ್ಧ ಸೈಕಲ್ ಕೊಟ್ಟಿದ್ದಾರೆ" ಅಂತ ಹೇಳಿ ಮುಂದೆ ಹೋಗುತ್ತೇನೆ. ಇನ್ನೊಂದು ತಮಾಷೆ ಗೊತ್ತಾ? ನ್ಯೂಯಾರ್ಕ್ ನಗರದಲ್ಲಿ ದೊಡ್ಡವರು ಫುಟ್‌ಪಾತ್ ಮೇಲೆ ಸೈಕಲ್ ಓಡಿಸಬಾರದು ಅನ್ನುವ ಕಾನೂನಿದೆ, ಆದರೆ ಅದರಲ್ಲಿ ಸೈಕಲ್ ಅಂದರೆ "ಎರಡು ಅಥವಾ ಮೂರು ಚಕ್ರದ್ದು" ಅಂತ ಬರೆದಿದೆ. ನನ್ನದು ಲೆಕ್ಕಕ್ಕೇ ಇಲ್ಲ. ಈ ವಾದವನ್ನು ಪೊಲೀಸರೊಬ್ಬರ ಮುಂದೆ ಇಡುವಷ್ಟು ಧೈರ್ಯ ಇನ್ನೂ ಬಂದಿಲ್ಲ, ಅದು ಬೇರೆ ಮಾತು.

2019ರಲ್ಲಿ ನನಗೆ ಹಿಂದಕ್ಕೆ ಓಡಿಸುವುದನ್ನು ಕಲಿಯುವ ಹುಚ್ಚು ಹಿಡಿದಿತ್ತು. ಯೂನಿಸೈಕಲ್‌ಗೆ ಚೈನಿಲ್ಲ, ಬ್ರೇಕಿಲ್ಲ; ಪೆಡಲು ನೇರವಾಗಿ ಚಕ್ರದ ನಡುವಿಗೇ ಅಂಟಿಕೊಂಡಿರುತ್ತದೆ. ಕಾಲು ಒಂದು ಸುತ್ತು ಹಾಕಿದರೆ ಚಕ್ರವೂ ಒಂದೇ ಸುತ್ತು. ಕಾಲು ಹಿಂದಕ್ಕೆ ತುಳಿದರೆ ಚಕ್ರವೂ ಹಿಂದಕ್ಕೆ. ಹೇಳುವುದು ಇಷ್ಟು ಸುಲಭ. ಮಾಡಲು ಹೋದರೆ, ನಿಂತ ಜಾಗದಲ್ಲೇ ಅರ್ಧ ಸುತ್ತು ಮುಂದೆ ಅರ್ಧ ಸುತ್ತು ಹಿಂದೆ ತೊಟ್ಟಿಲ ಹಾಗೆ ತೂಗುವುದು ಮೊದಲು ಬರಬೇಕು. ಅದು ಬಂದ ಮೇಲೆ ಒಂದು ಗಳಿಗೆ ಮೈಯನ್ನು ಹಿಂದಕ್ಕೆ ಬಿಟ್ಟುಕೊಡಬೇಕು. ಬೀಳುತ್ತೀರಿ, ಚಕ್ರ ಓಡಿಬಂದು ನಿಮ್ಮ ಕೆಳಗೆ ನಿಲ್ಲುತ್ತದೆ, ಮತ್ತೆ ಬೀಳುತ್ತೀರಿ, ಮತ್ತೆ ಬರುತ್ತದೆ. ನನ್ನ ಚಕ್ರ ಬರುತ್ತಿರಲಿಲ್ಲ. ಏಳೆಂಟು ಸುತ್ತಿಗೆ ಪಕ್ಕಕ್ಕೆ ತಿರುಗಿಕೊಂಡು ಕೆಳಗೆ ಇಳಿಸಿಬಿಡುತ್ತಿತ್ತು. ಮೂರು ತಿಂಗಳು ಇದೇ ಕಥೆ.

ಅಭ್ಯಾಸದ ಜಾಗ ಸೆಂಟ್ರಲ್ ಪಾರ್ಕಿನ ಒಳಗೆ, ಹಳೆಯ ಸಂಗೀತ ಮಂಟಪದ ಮುಂದಿನ ಬಯಲು. ಅಲ್ಲಿಂದ ದಕ್ಷಿಣಕ್ಕೆ ಹೋಗುವ ಅಗಲವಾದ ನೇರ ದಾರಿಗೆ 'ಮಾಲ್' ಅನ್ನುತ್ತಾರೆ. ಅಂಗಡಿಗಳ ಮಾಲ್ ಅಲ್ಲ. ಎರಡೂ ಕಡೆ ಎಲ್ಮ್ ಮರಗಳು ಸಾಲಾಗಿ ನಿಂತು ಮೇಲೆ ಚಪ್ಪರ ಹಾಕಿದಂತಿರುವ ದಾರಿ. ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಳಗಿನ ಏಳಕ್ಕೆ ಹೋದರೆ ಓಡುವವರು ನಾಲ್ಕು ಜನ, ನಾಯಿ ಕರೆತಂದವರು ಇಬ್ಬರು, ಅಷ್ಟೇ.

ಅದು ನವೆಂಬರ್ ಮಧ್ಯದ ಶನಿವಾರ. ನೆಲದ ತುಂಬ ಹಳದಿ ಎಲೆ. ನಾನು ಮಂಟಪದ ಕಡೆಗೆ ಮುಖ ಮಾಡಿಕೊಂಡು, ಎಡ ಭುಜದ ಮೇಲಿಂದ ಹಿಂದೆ ಇಣುಕುತ್ತಾ, ಹಿಂದಕ್ಕೆ ತುಳಿಯುತ್ತಿದ್ದೆ. ಅವತ್ತು ಯಾಕೋ ಚಕ್ರ ಮಾತು ಕೇಳುತ್ತಿತ್ತು. ಒಂಬತ್ತು, ಹತ್ತು, ಹನ್ನೊಂದು ಅಂತ ಸುತ್ತು ಎಣಿಸುತ್ತಿದ್ದೆ. ಹನ್ನೆರಡಕ್ಕೆ ಬೆನ್ನಿಗೆ ಏನೋ ಮೆತ್ತಗೆ, ಆದರೆ ಭಾರವಾಗಿ ಬಡಿಯಿತು, ಅದೇ ಕ್ಷಣ ಕಿವಿಯ ಪಕ್ಕದಲ್ಲಿ ಪೀಽಽಽ ಅಂತ ವಿಸಲ್.

ನಾನು ಮುಂದಕ್ಕೆ ನೆಗೆದು ಕಾಲ ಮೇಲೆ ನಿಂತೆ. ಸೈಕಲ್ಲಿನ ಸೀಟು ನೆಲಕ್ಕೆ ಬಡಿದು ಟಪ್ ಅಂತು. ತಿರುಗಿ ನೋಡಿದರೆ ಐವತ್ತು ದಾಟಿದ ಹೆಂಗಸು, ದಪ್ಪ ಜಾಕೆಟ್, ಉಣ್ಣೆಯ ಟೋಪಿ, ಬಾಯಲ್ಲಿ ವಿಸಲ್. ಬಡಿತದ ರಭಸಕ್ಕೆ ಉಸಿರು ವಿಸಲಿನೊಳಗೇ ಹೋಗಿಬಿಟ್ಟಿತ್ತು. ಆ ಸದ್ದಿಗೆ ಯಾರದೋ ನಾಯಿ, ಯಾರೂ ಹೇಳದಿದ್ದರೂ, ಇದ್ದಲ್ಲೇ ಶಿಸ್ತಾಗಿ ಕೂತುಬಿಟ್ಟಿತ್ತು.

ಇಬ್ಬರೂ ಒಟ್ಟಿಗೇ "ಕ್ಷಮಿಸಿ, ನಾನು ಹಿಂದೆ ನೋಡ್ಲಿಲ್ಲ" ಅಂದೆವು. ಆಮೇಲೆ ಇಬ್ಬರಿಗೂ ಒಟ್ಟಿಗೇ ಅನುಮಾನ ಬಂತು.

"ನೀವೂ ಹಿಂದಕ್ಕೆ ಹೋಗ್ತಾ ಇದ್ರಾ?" ಅಂತ ಆಕೆ ಕೇಳಿದರು. ನಾನು ನೆಲದ ಮೇಲಿನ ಸೈಕಲ್ ತೋರಿಸಿದೆ. ಆಕೆ ಅದನ್ನು ನೋಡಿದರು. ಇನ್ನೊಂದು ಚಕ್ರದ ವಿಷಯ ಎತ್ತಲಿಲ್ಲ. ಆವತ್ತೇ ನನಗೆ ಇಷ್ಟವಾಗಿಬಿಟ್ಟರು ಅಂದರೆ ನಂಬಿ.

"ನೀವ್ಯಾಕೆ ಹಿಂದಕ್ಕೆ ನಡೀತಾ ಇದ್ರಿ?" ಅಂದೆ.

ಉತ್ತರ ಕೊಡುವ ಮೊದಲು ಆಕೆ ಹತ್ತು ಹೆಜ್ಜೆ ಆಚೆ ನಿಂತಿದ್ದ ಗಂಡಸಿನ ಕಡೆ ತಿರುಗಿದರು. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಫೋನು. ಮುಖದಲ್ಲಿ, ಹಾಲು ಉಕ್ಕಿದ ಮೇಲೆ ಒಲೆ ಆರಿಸಿದವರ ಮುಖದಲ್ಲಿರುತ್ತದಲ್ಲ, ಆ ಭಾವ. "ಇವರು ನನ್ನ ಕಣ್ಣು" ಅಂತ ಪರಿಚಯ ಮಾಡಿಕೊಟ್ಟರು. "ನನಗೆ ಎದುರಾಗಿ ನಡೆದು ಹಿಂದೆ ಏನಿದೆ ಅಂತ ಹೇಳೋದು ಇವರ ಕೆಲಸ. ಈಗ ಕಣ್ಣು ಫೋನ್ ಮೇಲಿತ್ತು." ಆತ ನನ್ನ ಕಡೆ ನೋಡಿ "ಒಂದೇ ಒಂದು ಮೆಸೇಜು" ಅಂದರು. ಮೂವತ್ತು ವರ್ಷದ ಸಂಸಾರ ಆ ಮೂರು ಪದದಲ್ಲಿತ್ತು.

ವಿಷಯ ಇಷ್ಟು. ನವೆಂಬರಿನ ನಾಲ್ಕನೇ ಗುರುವಾರ ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆ ದಿನ ಬೆಳಿಗ್ಗೆ ಮೇಸೀಸ್ ಅಂಗಡಿಯವರ ಮೆರವಣಿಗೆ ಇರುತ್ತದೆ, 1924ರಲ್ಲಿ ಶುರುವಾದದ್ದು. ಅದರ ಆಕರ್ಷಣೆಯೇ ಹೀಲಿಯಂ ತುಂಬಿದ ದೈತ್ಯ ಬಲೂನುಗಳು, ನಾಲ್ಕೈದು ಮಹಡಿ ಎತ್ತರದವು. ಕಾರ್ಟೂನ್ ಪಾತ್ರಗಳು ಬೀದಿಯ ಮೇಲೆ ತೇಲಿ ಬರುತ್ತವೆ. ನಾನು ಅದನ್ನು ಟೀವಿಯಲ್ಲಿ ನೋಡಿದ್ದೆ. ಪ್ರತಿ ಬಲೂನಿಗೂ ಹಗ್ಗ ಹಿಡಿದವರು ಎಪ್ಪತ್ತು, ಎಂಬತ್ತು, ತೊಂಬತ್ತು ಜನ ಇರುತ್ತಾರೆ ಅನ್ನುವುದೂ ಗೊತ್ತಿತ್ತು. ನೋಡಿದಾಗೆಲ್ಲ ನಮ್ಮ ತೇರಿನ ಮಿಣಿ ನೆನಪಾಗುತ್ತಿತ್ತು, ಒಂದೇ ವ್ಯತ್ಯಾಸ ಅಂದರೆ ಇಲ್ಲಿ ತೇರು ಮೇಲಕ್ಕೆ ಎಳೆಯುತ್ತದೆ. ಗೊತ್ತಿಲ್ಲದಿದ್ದದ್ದು, ಆ ಬಲೂನಿನ ಮುಂದೆ ಒಬ್ಬರು ಇಡೀ ದಾರಿ ಹಿಮ್ಮುಖವಾಗಿ ನಡೆಯುತ್ತಾರೆ ಅನ್ನುವುದು. ಅವರನ್ನು ಪೈಲಟ್ ಅನ್ನುತ್ತಾರೆ. 77ನೇ ಬೀದಿಯಿಂದ 34ನೇ ಬೀದಿಯ ಅಂಗಡಿಯ ತನಕ, ಸುಮಾರು ನಾಲ್ಕು ಕಿಲೋಮೀಟರ್.

ಬಲೂನಿಗೆ ಬೆನ್ನು ಹಾಕಿದರೆ ಅದು ಏನು ಮಾಡುತ್ತಿದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ ಮುಖ ಅದರ ಕಡೆ. ಕತ್ತೆತ್ತಿ ನೋಡುತ್ತಾ, ಕೈಸನ್ನೆ ಮಾಡುತ್ತಾ, ವಿಸಲ್ ಊದುತ್ತಾ ನಡೆಯಬೇಕು. ಎಡಗಡೆಯವರು ಹಗ್ಗ ಸಡಿಲಿಸಿ, ಬಲಗಡೆಯವರು ಎಳೆಯಿರಿ, ನಿಧಾನ, ನಿಲ್ಲಿ. ಹಗ್ಗ ಹಿಡಿಯುವವರೆಲ್ಲ ಸಂಬಳಕ್ಕೆ ಬಂದವರಲ್ಲ. ಅಂಗಡಿಯ ನೌಕರರು, ಅವರ ನೆಂಟರಿಷ್ಟರು. ಕನಿಷ್ಠ 54 ಕಿಲೋ ತೂಕ ಇರಬೇಕಂತೆ, ಇಲ್ಲದಿದ್ದರೆ ಹಗ್ಗ ಕೈಗೆ ಕೊಡುವುದಿಲ್ಲ. ಆಕೆ ಹೀಗೇ ಹಗ್ಗ ಹಿಡಿಯುವುದರಿಂದ ಶುರು ಮಾಡಿ, ತರಬೇತಿ ಪಡೆದು, ಪೈಲಟ್ ಆದವರು. ಗಂಡನನ್ನೂ ಎಳೆದು ತಂದು ಹಗ್ಗಕ್ಕೆ ಹಚ್ಚಿದ್ದರು. ಯಾವ ಬಲೂನು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಹುಡುಕಿದವರಿಗೆ ಅವರು ಯಾರು ಅಂತ ಸಿಕ್ಕಿಬಿಡುತ್ತದೆ.

"ಇದು ತಲೆಕೆಳಗಾದ ಸೂತ್ರದ ಗೊಂಬೆ" ಅಂದರು. ಅದು ಸುಮ್ಮನೆ ಹೇಳಿದ ಮಾತಲ್ಲ. ಈ ಮೆರವಣಿಗೆಗೆ 1920ರ ದಶಕದಲ್ಲಿ ಬಲೂನು ತಂದವರು ಟೋನಿ ಸಾರ್ಗ್ ಅನ್ನುವ ಗೊಂಬೆಯಾಟದವರು. ಗೊಂಬೆಯಾಟದಲ್ಲಿ ಆಡಿಸುವವನು ಮೇಲೆ, ಗೊಂಬೆ ಕೆಳಗೆ. ಅವರು ಅದನ್ನು ಮಗುಚಿ ಹಾಕಿ, ಗೊಂಬೆಯನ್ನು ಆಕಾಶಕ್ಕೆ ಬಿಟ್ಟು, ಆಡಿಸುವವರನ್ನು ಬೀದಿಯಲ್ಲಿ ನಿಲ್ಲಿಸಿದರು.

ಅಷ್ಟು ಹೊತ್ತಿಗೆ ಗಂಡ ಕಾಫಿ ಮುಗಿಸಿ ಹತ್ತಿರ ಬಂದಿದ್ದರು. ಆಕೆ ನನಗೆ "ಇನ್ನೊಂದು ಸಲ ಓಡಿಸಿ, ನೋಡೋಣ" ಅಂದರು. ಬೆಂಚು ಹಿಡಿದು ಹತ್ತಿದೆ, ತೂಗಿದೆ, ಹಿಂದಕ್ಕೆ ಬಿಟ್ಟೆ. ಆರನೇ ಸುತ್ತಿಗೆ ಬಿದ್ದೆ.

"ನೀವು ಹಿಂದೆ ಯಾಕೆ ನೋಡ್ತೀರಿ?"

ಹಿಂದೆ ಹೋಗುವವನು ಹಿಂದೆ ನೋಡದೆ ಇನ್ನೇನು ಮಾಡಬೇಕು? ಅದನ್ನೇ ಹೇಳಿದೆ.

ಆಕೆ ಬಂದು ನನ್ನ ಎರಡೂ ಭುಜ ಹಿಡಿದರು, ಟೈಲರ್ ಅಳತೆಗೆ ಹಿಡಿದ ಹಾಗೆ. "ಈಗ ಹಿಂದೆ ತಿರುಗಿ." ತಿರುಗಿದೆ. ತಲೆಯ ಜೊತೆ ಭುಜ ಬಂತು, ಭುಜದ ಹಿಂದೆ ಸೊಂಟ ಬಂತು. ಸೊಂಟ ಬಂದರೆ ಸೀಟು ಬರುತ್ತದೆ, ಸೀಟು ತಿರುಗಿದರೆ ಚಕ್ರ ತಿರುಗುತ್ತದೆ. ಮೂರು ತಿಂಗಳು ನಾನು ಬಿದ್ದದ್ದು ಚಕ್ರದ ತಪ್ಪಿಗಲ್ಲ, ಕುತ್ತಿಗೆಯ ತಪ್ಪಿಗೆ. "ನಾನೂ ಮೊದಲ ವರ್ಷ ಹಾಗೇ ಮಾಡ್ತಿದ್ದೆ, ಹೆಜ್ಜೆ ಸೊಟ್ಟಗಾಗಿ ಯಾವಾಗಲೂ ಫುಟ್‌ಪಾತ್ ಕಡೆಗೇ ಹೋಗ್ತಿದ್ದೆ. ಎದುರಿಗೆ ದೂರದಲ್ಲಿ ಏನಾದರೂ ಒಂದನ್ನ ಹಿಡಿದಿಟ್ಟುಕೊಳ್ಳಿ. ಅದು ನಿಮ್ಮಿಂದ ನೇರವಾಗಿ ಚಿಕ್ಕದಾಗ್ತಾ ಹೋದರೆ ನೀವು ನೇರ ಹೋಗ್ತಿದ್ದೀರಿ ಅಂತ ಅರ್ಥ."

"ಹಿಂದೆ ಯಾರಾದರೂ ಬಂದರೆ?"

"ಅದಕ್ಕೆ ಇವರಿದ್ದಾರೆ" ಅಂತ ಗಂಡನ ಕಡೆ ಕೈ ಮಾಡಿದರು. ಆತ ಫೋನನ್ನು ಜೇಬಿಗಿಟ್ಟು, ಜಿಪ್ಪನ್ನೂ ಎಳೆದರು. ಎಳೆದದ್ದನ್ನು ನಮ್ಮಿಬ್ಬರಿಗೂ ತೋರಿಸಿದರು.

ಆಮೇಲೆ ನಡೆದದ್ದನ್ನು ದೂರದಿಂದ ನೋಡಿದವರು ಏನಂದುಕೊಂಡರೋ. ನಾನು ಸೈಕಲ್ ಮೇಲೆ ಹಿಂದಕ್ಕೆ, ನನ್ನ ಪಕ್ಕದಲ್ಲಿ ಆಕೆ ಹಿಂದಕ್ಕೆ, ನಮಗೆ ಎದುರಾಗಿ ಆತ ಮುಂದಕ್ಕೆ. ಆತ "ಖಾಲಿ, ಖಾಲಿ, ಎಡಕ್ಕೆ ಒಬ್ಬರು ಓಡ್ತಾ ಬರ್ತಿದ್ದಾರೆ, ಖಾಲಿ" ಅಂತ ಬಸ್ಸು ರಿವರ್ಸ್ ಮಾಡಿಸುವ ಕಂಡಕ್ಟರ್ ಥರ ಹೇಳುತ್ತಾ ಬಂದರು. ನಾನು ಮಂಟಪದ ಕಮಾನನ್ನೇ ನೋಡುತ್ತಿದ್ದೆ. ಅದು ನೇರವಾಗಿ ಚಿಕ್ಕದಾಗುತ್ತಾ ಹೋಯಿತು. ಸುತ್ತು ಎಣಿಸುವುದು ಮರೆತೇಹೋಯಿತು. ಕೊನೆಗೆ ಒದ್ದೆ ಎಲೆಯ ಮೇಲೆ ಚಕ್ರ ಜಾರಿ ಇಳಿದಾಗ, ಹೊರಟ ಜಾಗಕ್ಕೂ ನನಗೂ ನಡುವೆ ಹದಿಮೂರು ಬೆಂಚುಗಳಿದ್ದವು. ಎರಡು ಸಲ ಎಣಿಸಿದೆ.

ಇಷ್ಟೇ. ಒಂದು ಅರ್ಧ ಗಂಟೆ ಇರಬಹುದು. ಹೆಸರು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆಕೆ ಮತ್ತೆ ವಿಸಲ್ ಬಾಯಿಗಿಟ್ಟುಕೊಂಡು ದಕ್ಷಿಣದ ಕಡೆ ಹಿಂದಹಿಂದಕ್ಕೆ ಹೊರಟರು, ಆತ ಎದುರು. ಹೋಗುವವರು ನಮ್ಮ ಕಡೆಗೇ ಮುಖ ಮಾಡಿ ಹೋಗುವುದರಿಂದ ಬೀಳ್ಕೊಡುಗೆ ಬಹಳ ಉದ್ದವಾಯಿತು. ಎಷ್ಟು ಹೊತ್ತು ಅಂತ ಕೈ ಬೀಸುವುದು? ಆಮೇಲೆ ನಾನೇ ಸಂಕೋಚಪಟ್ಟು ಟೈರಿನ ಗಾಳಿ ನೋಡುವ ನಾಟಕ ಮಾಡಿದೆ.

ಮೆರವಣಿಗೆಯ ದಿನ ಹೋಗಲೇಬೇಕು ಅಂತ ಅನ್ನಿಸಿದ್ದು ಇದರಿಂದ. ಆ ವರ್ಷ ಹಬ್ಬ ನವೆಂಬರ್ 28ಕ್ಕೆ. ಎರಡು ಮೂರು ದಿನದಿಂದ ಸುದ್ದಿಯೆಲ್ಲ ಗಾಳಿಯದ್ದೇ. ಬಲೂನು ಹಾರಿಸಲು ಇಲ್ಲಿ ಕಟ್ಟುನಿಟ್ಟಾದ ಲೆಕ್ಕವಿದೆ: ಒಂದೇ ಸಮ ಬೀಸುವ ಗಾಳಿ ಗಂಟೆಗೆ 23 ಮೈಲಿ ದಾಟಬಾರದು, ಬೀಸು ಹೊಡೆತ 34 ಮೈಲಿ ದಾಟಬಾರದು, ಕಿಲೋಮೀಟರಿನಲ್ಲಿ ಹೇಳುವುದಾದರೆ ಸುಮಾರು 37 ಮತ್ತು 55. ಈ ಲೆಕ್ಕ ಬಂದದ್ದು 1997ರ ಅವಘಡದ ನಂತರ. ಆ ವರ್ಷ ಜೋರು ಗಾಳಿಗೆ ಒಂದು ಬಲೂನು ಹೋಗಿ ದೀಪದ ಕಂಬಕ್ಕೆ ಬಡಿದು, ಕಂಬದ ತುಂಡು ಬಿದ್ದು ನೋಡುತ್ತಾ ನಿಂತಿದ್ದ ಒಬ್ಬ ಮಹಿಳೆಯ ತಲೆಗೆ ತೀವ್ರ ಪೆಟ್ಟಾಯಿತು. ಈಗ ಗಾಳಿ ಅಳೆಯುವ ಉಪಕರಣಗಳನ್ನು ದಾರಿಯುದ್ದಕ್ಕೂ ಇಟ್ಟಿರುತ್ತಾರೆ, ಬಲೂನುಗಳ ಜೊತೆ ಪೊಲೀಸರೂ ನಡೆಯುತ್ತಾರೆ. 2019ರಲ್ಲಿ ಹಾರುತ್ತವಾ ಇಲ್ಲವಾ ಅನ್ನುವುದು ಅದೇ ದಿನ ಬೆಳಿಗ್ಗೆ ತೀರ್ಮಾನವಾಯಿತು. ಹಾರಲಿ, ಆದರೆ ಹಗ್ಗ ಗಿಡ್ಡ ಮಾಡಿ ತಗ್ಗಿನಲ್ಲೇ ಹಾರಲಿ ಅಂತ.

ನಾನು ನಿಂತದ್ದು ಸೆಂಟ್ರಲ್ ಪಾರ್ಕ್ ವೆಸ್ಟ್ ರಸ್ತೆಯಲ್ಲಿ, ಕೊಲಂಬಸ್ ಸರ್ಕಲ್ಲಿಗೆ ಸ್ವಲ್ಪ ಮೊದಲು. ಸರ್ಕಲ್ಲಿನ ಹತ್ತಿರ ನಾಲ್ಕಾರು ದಾರಿ ಕೂಡುವುದರಿಂದ ಅಲ್ಲಿ ಗಾಳಿ ಎತ್ತಲಿಂದ ಬರುತ್ತದೋ ಹೇಳಲಾಗದು, ಮೇಲಾಗಿ ಮೆರವಣಿಗೆ ಅಲ್ಲೇ ಎಡಕ್ಕೆ ತಿರುಗಬೇಕು. ಪೈಲಟ್‌ಗಳಿಗೆ ಎದೆ ಹೊಡೆದುಕೊಳ್ಳುವ ಜಾಗ ಅದು ಅಂತ ಆಕೆಯೇ ಹೇಳಿದ್ದರು. ಕೈಯಲ್ಲಿ ಸೈಕಲ್ ಇತ್ತು, ಚಿಕ್ಕದು, 20 ಇಂಚಿನ ಚಕ್ರದ್ದು. ಯಾಕೆ ತಂದೆ ಅಂದರೆ, ಅದಿಲ್ಲದೆ ನನ್ನ ಗುರುತು ಅವರಿಗೆ ಹೇಗೆ ಸಿಗಬೇಕು? ಬ್ಯಾರಿಕೇಡಿನ ಪೊಲೀಸು ನೋಡಿ, ಇನ್ನೊಂದು ಚಕ್ರ ಎಲ್ಲಿ ಅಂದರು. ನಕ್ಕೆ.

ಅಲ್ಲಿ ನಿಂತ ಮೇಲೆ ಗೊತ್ತಾದದ್ದು, ಪೈಲಟ್ ಅನ್ನುವವರು ನೋಡುಗರಿಗೆ ಮೊದಲು ಬರೀ ಬೆನ್ನಾಗಿ ಬರುತ್ತಾರೆ. ದೂರದಿಂದ ದೊಡ್ಡ ಮುಖವೊಂದು ತೂಗಿಕೊಂಡು ಬರುತ್ತಿರುತ್ತದೆ, ಅದರ ಮುಂದೆ ಒಂದು ಪುಟ್ಟ ಬೆನ್ನು. ನಿಮ್ಮ ಮುಂದೆ ಹಾದಾಗ ಕಿವಿ, ಕೆನ್ನೆ ಕಾಣುತ್ತದೆ. ಪೂರ್ತಿ ಮುಖ ಕಾಣುವುದು ಅವರು ನಿಮ್ಮನ್ನು ದಾಟಿ ಹೋದ ಮೇಲೆ. ಸುತ್ತ ಇದ್ದ ಮಕ್ಕಳೆಲ್ಲ ಮೇಲೆ ನೋಡುತ್ತಿದ್ದರೆ ನಾನು ಮಾತ್ರ ಬೆನ್ನು ಹುಡುಕುತ್ತಿದ್ದೆ. ಬಡಿಸಿಕೊಂಡ ಬೆನ್ನಲ್ಲವೇ, ಗುರುತು ಹತ್ತಿತು. ಬಲ ಭುಜ ಎಡಕ್ಕಿಂತ ಒಂಚೂರು ತಗ್ಗು, ಹೆಜ್ಜೆ ಎತ್ತದೆ ಪಾದವನ್ನು ಸವರಿಕೊಂಡು ಹಿಂದಕ್ಕಿಡುವ ರೀತಿ.

ಬಲೂನು ಎಷ್ಟು ಕೆಳಗಿತ್ತು ಅಂದರೆ ಅದರ ಬಟ್ಟೆ ಗಾಳಿಗೆ ಪಟಪಟ ಅನ್ನುವುದು ಕೇಳುತ್ತಿತ್ತು. ನಮ್ಮ ಮುಂದೆ ಬಂದಾಗ ಒಂದು ಬೀಸು ಬಂತು. ಇಡೀ ಆಕೃತಿ ಪಕ್ಕಕ್ಕೆ ವಾಲಿ, ಒಂದು ಕಡೆಯ ಹಗ್ಗಗಳೆಲ್ಲ ಸಡಿಲ ಬಿದ್ದು, ಇನ್ನೊಂದು ಕಡೆಯವರು ಬಿಗಿಹಿಡಿದು ಹಿಂದಕ್ಕೆ ಜಗ್ಗಿ ನಿಂತರು. ಜನ ಹೋ ಅಂದರು. ಒಂದು ವಿಸಲ್, ಆಮೇಲೆ ಎರಡು ಚಿಕ್ಕವು. ಆಕೆ ಕೈ ಅಗಲಿಸಿ, ಸೊಂಟ ಅಲುಗಿಸದೆ, ಹಿಂದೆ ತಿರುಗದೆ ಹೆಜ್ಜೆ ಇಡುತ್ತಲೇ ಇದ್ದರು. ಬಲೂನು ನಿಧಾನವಾಗಿ ಎದ್ದು ನೆಟ್ಟಗಾಯಿತು. ಅದು ಬೀಳುತ್ತಾ ಇರುತ್ತದೆ, ಕೆಳಗಿನವರು ಅದರ ಕೆಳಗೆ ಓಡಿ ಹೋಗಿ ನಿಲ್ಲುತ್ತಾರೆ. ಚಕ್ರದ ಕೆಲಸ.

ಆಕೆಗೆ ನನ್ನ ಕಡೆ ನೋಡುವ ಪ್ರಶ್ನೆಯೇ ಇರಲಿಲ್ಲ. ಗಂಡನಿಗಾದರೂ ಕಾಣಲಿ ಅಂತ ಸೈಕಲ್ಲನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಹಗ್ಗ ಹಿಡಿದವರ ಮುಂದಿನ ಸಾಲಿನಲ್ಲೇ ಇದ್ದರು, ನನ್ನಿಂದ ನಾಲ್ಕು ಮಾರು ದೂರ. "ಸಾರ್! ಸಾರ್!" ಅಂತ ಕೂಗಿದೆ. ಎಷ್ಟೋ ವರ್ಷದಿಂದ ಇಲ್ಲಿದ್ದೇನೆ, ಆದರೂ ಗಾಬರಿಯಲ್ಲಿ ಬಾಯಿಗೆ ಬರುವುದು ಸಾರ್. ಪಕ್ಕದ ಹುಡುಗಿ ತಿರುಗಿದಳು, ಪೊಲೀಸು ತಿರುಗಿದರು, ಹಗ್ಗ ಹಿಡಿದ ಬೇರೆ ಇಬ್ಬರು ತಿರುಗಿ ನಕ್ಕರು. ಆತ ತಿರುಗಲಿಲ್ಲ. ಎರಡೂ ಕೈ ಹಗ್ಗ ಸುತ್ತಿದ ಹಿಡಿಕೆಯ ಮೇಲೆ, ಕಣ್ಣು ಹೆಂಡತಿಯ ಮೇಲೆ. ಜಾಕೆಟ್ಟಿನ ಜೇಬಿನ ಜಿಪ್ಪು ಮೇಲಿನ ತನಕ ಎಳೆದಿತ್ತು.

ಹಾಗೇ ಹೋಗಿಬಿಟ್ಟರು. ಸರ್ಕಲ್ಲಿನ ಕಡೆ ಸರಿಯುತ್ತಿದ್ದಾಗ ಆಕೆಯ ಮುಖ ಪೂರ್ತಿ ಕಂಡಿತು; ಕತ್ತು ಮೇಲೆ, ಕೆನ್ನೆ ಉಬ್ಬಿ, ಬಾಯಲ್ಲಿ ವಿಸಲ್.

ಮತ್ತೆ ಸಿಕ್ಕಿದರಾ ಅಂತ ಕೇಳುತ್ತೀರಿ. ಇಲ್ಲ. 2020ರಲ್ಲಿ ಕೊರೊನಾ, ಮೆರವಣಿಗೆಯನ್ನು ಅಂಗಡಿಯ ಸುತ್ತಮುತ್ತ ಟೀವಿಗೋಸ್ಕರ ಮಾತ್ರ ಮಾಡಿದರು, ಜನರನ್ನು ಬಿಡಲಿಲ್ಲ, ಬಲೂನುಗಳನ್ನು ಗಾಡಿಗಳಿಗೆ ಕಟ್ಟಿ ಎಳೆದರು. ಹಿಮ್ಮುಖವಾಗಿ ನಡೆಯುವವರಿಗೆ ಆ ವರ್ಷ ಕೆಲಸ ಇತ್ತೋ ಇಲ್ಲವೋ. 2021ರಲ್ಲಿ ಜನ ವಾಪಸು ಬಂದರು. ನಾನು ಜ್ವರ ಬಂದು ಮನೆಯಲ್ಲಿದ್ದೆ, ಟೀವಿಯಲ್ಲೇ ನೋಡಿದೆ. ಕ್ಯಾಮೆರಾಕ್ಕೆ ಬೇಕಿರುವುದು ಬಲೂನಿನ ಮುಖ, ಕೆಳಗೆ ಅಂಚಿನಲ್ಲಿ ಒಂದು ಕ್ಷಣ ಒಂದು ಬೆನ್ನು ಬಂದು ಹೋಗುತ್ತದೆ. ಐದಾರು ಬಲೂನು ದಾಟುವಷ್ಟರಲ್ಲಿ ಎಲ್ಲ ಬೆನ್ನುಗಳೂ ಒಂದೇ ಥರ ಕಾಣತೊಡಗಿದವು. ಹೆಂಡತಿ ಬಂದು, "ಇದೇನು, ಟೀವಿಗೆ ಮೂಗು ತಾಗಿಸಿಕೊಂಡು ಕೂತಿದ್ದೀರಿ?" ಅಂದಳು. ಬೆನ್ನು ಹುಡುಕ್ತಾ ಇದ್ದೀನಿ ಅಂದೆ. ಹಣೆ ಮುಟ್ಟಿ ನೋಡಿ, ಇನ್ನೊಂದು ಮಾತ್ರೆ ತಂದುಕೊಟ್ಟಳು.